ಒಂದು ಗೇಣು, ನಾಲ್ಕು ಬೆರಳು

ನಮ್ಮ ಕುಸನೂರ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಅದರ ಬುಡಕ್ಕೆ ಒಂದು ಕಬ್ಬಿಣದ ಬಿಲ್ಲೆ ಇಟ್ಟಿದ್ದೇವೆ. ಅಂಗೈಗಿಂತ ತುಸು ದೊಡ್ಡದು, ಎರಡು ಬೆರಳು ದಪ್ಪ, ನಡುವೆ ಒಂದು ತೂತು. ಮೊನ್ನೆ ಪಕ್ಕದ ಮನೆಯ ಮಲ್ಲಿನಾಥರು ಅದನ್ನು ಎಡವಿ, ಕೈಯಲ್ಲಿದ್ದ ಹೊಳೆಯುವ ಕಾಗದಗಳ ಸಮೇತ ಹೆಚ್ಚು ಕಡಿಮೆ ನನ್ನ ತೊಡೆಯ ಮೇಲೇ ಬಂದು ಕುಳಿತರು.

"ಏನ್ರೀ ಇದು, ತಕ್ಕಡಿ ಕಲ್ಲೇನು?" ಎಂದರು, ಬೆರಳು ತಿಕ್ಕಿಕೊಳ್ಳುತ್ತ.

"ಅಲ್ರೀ. ಅದು ನನ್ನ ಶ್ಯಾಣ್ಯಾತನ" ಎಂದೆ.

ಅವರು ತಂದಿದ್ದ ಕಾಗದಗಳಲ್ಲಿ ಒಂದು ಪಿಕಪ್ ಗಾಡಿಯ ಚಿತ್ರವಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು, ಕೆಸರಿಗೂ ಕಲ್ಲಿಗೂ ಅಂಜದಂಥದ್ದು. ಬೇಸ್, ಮಿಡ್ಲ್, ಟಾಪ್ ಎಂದು ಮೂರು ಮಾಡೆಲ್ಲು. "ಇದರಾಗ ಯಾವುದು ತಗೊಳ್ಳಲಿ ಹೇಳ್ರಿ. ನಿಮಗ ಭಾಳ ಗೊತ್ತದ ಅಂತಾರ" ಎಂದರು. ನನಗೆ ಬಹಳ ಗೊತ್ತಿದೆ ಎಂಬ ಈ ಸುದ್ದಿ ಓಣಿಯಲ್ಲಿ ಹಬ್ಬಿದ್ದು ಹೇಗೋ ತಿಳಿಯದು. ಕೆಲವು ವರ್ಷಗಳ ಹಿಂದೆ ನಾನೇ ಹಬ್ಬಿಸಿರಬಹುದು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಫೈಲು ಕಟ್ಟುವ ಮನುಷ್ಯ. ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ, ಅದನ್ನೂ ಸೂಪರ್ ಮಾರ್ಕೆಟ್ಟಿನ ಆಟೋಗಳ ನಡುವೆ ಕಾಲು ಕೆಳಗಿಟ್ಟುಕೊಂಡೇ ದೂಡುತ್ತೇನೆ. ಆದರೆ ಆ ದಿನಗಳಲ್ಲಿ ಮೊಬೈಲಿನಲ್ಲಿ ಗಾಡಿಗಳ ವಿಡಿಯೋ ನೋಡುವ ಚಟ ಹತ್ತಿತ್ತು. ಯಾವುದೋ ದೇಶದಲ್ಲಿ ಯಾರೋ ದಾಡಿಯವನು ಮನೆಯಷ್ಟು ದೊಡ್ಡ ಬಂಡೆ ಹತ್ತಿಸಿ ಇಳಿಸುತ್ತಿದ್ದ. ನಾನು ಊಟದ ತಟ್ಟೆಯ ಮುಂದೆ ಕುಳಿತು ಅವನ ತಪ್ಪು ತೆಗೆಯುತ್ತಿದ್ದೆ. ಗಾಡಿಯ ಮೂತಿ ದಿಣ್ಣೆಗೆ ತಾಗದೆ ಹತ್ತುವ ಕೋನ ಎಷ್ಟು, ಬಾಲ ತಾಗದೆ ಇಳಿಯುವ ಕೋನ ಎಷ್ಟು, ಎಷ್ಟು ಆಳದ ನೀರು ದಾಟಬಹುದು, ಎಲ್ಲ ಬಾಯಿಪಾಠ. ನಮ್ಮಾಕಿ ಮಾತ್ರ, "ಮೊದಲ ತಟ್ಟಿಯೊಳಗಿನ ಬ್ಯಾಳಿ ದಾಟ್ರಿ" ಎನ್ನುತ್ತಿದ್ದಳು.

ಇಂಥ ಹೊತ್ತಿನಲ್ಲೇ ಕಮಲಾಪುರದ ನಮ್ಮ ಕಾಕಾ ಗಾಡಿ ತೆಗೆದುಕೊಳ್ಳುವ ಮಾತೆತ್ತಿದ.

ಕಾಕಾನದು ಕೆಂಪು ಬಾಳೆಯ ತೋಟ. ಊರಿಗೂ ತೋಟಕ್ಕೂ ನಡುವೆ ಒಂದು ಹಳ್ಳ, ಹಳ್ಳದ ಆಚೆ ಈಚೆ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟುಕೊಂಡು ಸುಮ್ಮನಿರುವ ಈ ಮಣ್ಣು ನಾಲ್ಕು ಹನಿ ಬಿದ್ದರೆ ಸಾಕು, ಹೋದವರ ಚಪ್ಪಲಿ ಹಿಡಿದುಕೊಂಡು ಬಿಡುವುದೇ ಇಲ್ಲ. ಒಂದು ಮಳೆಗಾಲದಲ್ಲಿ ಕಾಕಾನ ಬೈಕಿನ ಹಿಂದೆ ಕುಳಿತು ಹೊರಟಿದ್ದ ಅವನ ಹೆಂಡತಿ, ನಮ್ಮ ಕಾಕು, ಆ ಹಳ್ಳದಲ್ಲಿ ಬಿದ್ದು ಮೊಣಕಾಲು ಕೆಡಿಸಿಕೊಂಡಳು. ಅಲ್ಲಿಂದ ಮುಂದೆ ಮುಂಗಾರು ಹಿಡಿದರೆ ದೀಪಾವಳಿಯವರೆಗೂ ಅವಳಿಗೆ ತೋಟದ ದರ್ಶನವಿಲ್ಲ. ಮದುವೆಯಾಗಿ ಬಂದ ವರ್ಷ ಅಲ್ಲಿ ಮೊದಲ ಬಾಳೆಗಿಡ ನೆಟ್ಟವಳು ಅವಳೇ. ಅದಕ್ಕೇ ಕಾಕಾ ಸಂಜೆ ಮನೆಗೆ ಬಂದ ಕೂಡಲೇ ವಿಚಾರಣೆ ಶುರುವಾಗುತ್ತಿತ್ತು.

"ಗೊನಿ ಹೆಂಗ ಬಿಟ್ಟಾವ?"

"ಛಲೋ ಬಿಟ್ಟಾವ."

"ಛಲೋ ಅಂದ್ರ?"

"ಅಂದ್ರ ಛಲೋ."

ಈ ಉತ್ತರದ ಮೇಲೆ ಒಬ್ಬ ಹೆಂಗಸು ಐದು ತಿಂಗಳು ಹೇಗೆ ಕಳೆಯಬೇಕು ನೀವೇ ಹೇಳಿ. ಕೊನೆಗೊಂದು ದಿನ ಅವಳು ಅತ್ತಳಂತೆ. ಕಾಕಾ ಗಾಬರಿಯಾಗಿ, "ಈ ಮಳಿಗಾಲದಾಗ ನಿನ್ನ ತ್ವಾಟಕ್ಕ ಒಯ್ತೀನಿ, ಹಳ್ಳ ದಾಟೂ ಅಂಥ ಗಾಡೀನೇ ತರ್ತೀನಿ" ಎಂದು ಮಾತು ಕೊಟ್ಟ. ಕೊಟ್ಟು, ಮರುದಿನವೇ ನನಗೆ ಫೋನ್ ಮಾಡಿದ.

ಕಲಬುರಗಿಯ ಶೋರೂಮಿಗೆ ಮೂವರೂ ಹೋದೆವು. ಅಲ್ಲಿನ ಹುಡುಗಿ ಬಹಳ ತಾಳ್ಮೆಯವಳು. ಬೇಸ್ ಮಾಡೆಲ್ಲಿಗೆ ಹಿಂದಿನ ಎರಡೇ ಗಾಲಿಗೆ ಬಲ, ಮಿಡ್ಲಿಗೆ ನಾಲ್ಕೂ ಗಾಲಿಗೆ, ಟಾಪಿಗೆ ಅದರ ಜೊತೆ ಚರ್ಮದ ಸೀಟು, ದೊಡ್ಡ ಸ್ಕ್ರೀನು, ಹೊಳೆಯುವ ಪಟ್ಟಿಗಳು, ಕಾಲಿಟ್ಟು ಹತ್ತಲು ಬಾಗಿಲ ಕೆಳಗೆ ಎರಡೂ ಕಡೆ ಫುಟ್‌ಸ್ಟೆಪ್ಪು ಎಂದು ವಿವರಿಸಿದಳು. ನಾನು ಕೋನಗಳ ಬಗ್ಗೆ ಪ್ರಶ್ನೆ ಕೇಳಿದೆ. ಅವಳು ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಮ್ಯಾನೇಜರು ನನಗೆ ಚಹಾ ತರಿಸಿದರು.

ಮಿಡ್ಲ್ ಸಾಕಿತ್ತು. ಅದು ಕಾಕಾನಿಗೂ ಗೊತ್ತಿತ್ತು. ಆದರೆ ಕಮಲಾಪುರದಲ್ಲಿ ಹೊಸ ಗಾಡಿ ತಂದವನಿಗೆ ಮಂದಿ ಕೇಳುವ ಮೊದಲ ಪ್ರಶ್ನೆ, "ಟಾಪೇನು?" ಅಲ್ಲ ಎಂದರೆ ಕೇಳಿದವನು ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡು, ಅದೂ ಛಲೋನೇ ಅದ" ಎಂದು ಸಮಾಧಾನ ಹೇಳುತ್ತಾನೆ. ಬಿಸಿಲು, ಮಳೆ, ಕೆಟ್ಟ ಮೊಣಕಾಲಿನ ಹೆಂಡತಿ ಎಲ್ಲವನ್ನೂ ತಡೆದುಕೊಂಡ ಕಾಕಾನಿಗೆ ಆ ಒಂದು ಸಮಾಧಾನ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಟಾಪೇ ಆಯಿತು.

ಶೋರೂಮಿನ ಗಾಡಿಯ ಪಕ್ಕ ಬಟ್ಟೆ ಹೊದಿಸಿದ ಒಂದು ಸಣ್ಣ ಮೆಟ್ಟಿಲು ಇಟ್ಟಿದ್ದರು. ಕಾಕು ಅದರ ಮೇಲೆ ಕಾಲಿಟ್ಟು ಸಲೀಸಾಗಿ ಹತ್ತಿ ಕುಳಿತಳು, ಇಳಿದಳು. ಇಳಿದವಳು ಆ ಹುಡುಗಿಯನ್ನು ಕೇಳಿದಳು: "ಈ ಮೆಟ್ಟಲಾನೂ ಗಾಡಿ ಜೋಡಿ ಕೊಡ್ತೀರೇನವಾ?" ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಅಲ್ಲಿಗೆ ಮುಗಿಸಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಕಂಪನಿಯವರು ಮಾಡಿಕೊಟ್ಟ ಹಾಗೇ ಗಾಡಿ ಇಟ್ಟುಕೊಳ್ಳುವುದು ತಿಳಿಯದವರ ಲಕ್ಷಣ ಎಂದು ನನ್ನ ದಾಡಿಯವನು ವಿಡಿಯೋದಲ್ಲಿ ಹೇಳಿದ್ದ. ಹಾಗಾಗಿ ಕಾಕಾನನ್ನು ಹುಮನಾಬಾದ ರಸ್ತೆಯ ರಸೂಲ್ ಭಾಯಿಯ ಶೆಡ್ಡಿಗೆ ಕರೆದೊಯ್ದೆ. ಟ್ರ್ಯಾಕ್ಟರಿನ ಟ್ರೇಲರಿನಿಂದ ಹಿಡಿದು ಮದುವೆ ಮನೆಯ ಒಲೆಯ ತನಕ ಕಬ್ಬಿಣದಲ್ಲಿ ಏನು ಬೇಕಾದರೂ ಮಾಡಿಕೊಡುವ ಮನುಷ್ಯ. ನಾನು ಪಟ್ಟಿ ಓದಿದೆ: ಸ್ಪ್ರಿಂಗಿಗೆ ಬಿಲ್ಲೆ ಕೂರಿಸಿ ಗಾಡಿ ಎತ್ತರಿಸಬೇಕು, ದೊಡ್ಡ ಹಲ್ಲಿನ ಟೈರು ಹಾಕಬೇಕು, ಮುಂದೆ ಕಬ್ಬಿಣದ ಗಾರ್ಡು, ಮೇಲೆ ಲೈಟು, ಬದಿಯ ಫುಟ್‌ಸ್ಟೆಪ್ ತೆಗೆಯಬೇಕು.

"ಫುಟ್‌ಸ್ಟೆಪ್ ಯಾಕ ತಗೀಬೇಕು ಸಾಹೇಬ್ರ?"

"ಬಂಡಿಗಲ್ಲಿಗಿ ತಾಗ್ತದ."

"ಬಂಡಿಗಲ್ಲು ಎಲ್ಲಿ ಅವ? ಕಾಕಾಂದು ಎರಿ ಹೊಲ."

ನಾನು ಮೊಬೈಲ್ ತೆಗೆದು ವಿಡಿಯೋ ತೋರಿಸಿದೆ. ರಸೂಲ್ ಭಾಯಿ ಕೈ ಒರೆಸಿಕೊಂಡು ಕೊನೆಯವರೆಗೂ ನೋಡಿದ. "ಈ ಆದ್ಮಿ ಎಲ್ಲಿಗಿ ಹೊಂಟಾನ?" ಎಂದು ಕೇಳಿದ. ಅದು ನನಗೂ ಗೊತ್ತಿರಲಿಲ್ಲ. ಎಲ್ಲಿಗೂ ಹೋಗುವುದಿಲ್ಲ, ಬರೇ ಕಲ್ಲು ಹತ್ತಿ ಇಳಿಯುತ್ತಾನೆ ಎಂದೆ. "ಹಂಗಾದ್ರ ಅವನಿಗಿ ಹೊಲ ಇಲ್ಲ ಬಿಡ್ರಿ" ಎಂದು ಮೊಬೈಲ್ ವಾಪಸು ಕೊಟ್ಟ. ಆಮೇಲೂ ಒಮ್ಮೆ ಎಚ್ಚರಿಸಿದ: "ಇಷ್ಟು ಎತ್ತರ ನಕ್ಕೋ, ಬ್ಯಾಡ. ಹತ್ತಾವರಿಗಿ ತ್ರಾಸ ಆಗ್ತದ."

"ಹತ್ತೂದು ದೊಡ್ಡದಲ್ಲ ರಸೂಲ್ ಭಾಯಿ, ದಾಟೂದು ದೊಡ್ಡದು" ಎಂದೆ. ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ನಮ್ಮಾಕಿಗೂ ಹೇಳಿದೆ. ಅವಳು ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಗಾಡಿ ಕಮಲಾಪುರಕ್ಕೆ ಹೋದ ದಿನ ಅರ್ಧ ಊರು ಸೇರಿತ್ತು. ಟೈರಿನ ಕೆಳಗೆ ನಾಲ್ಕು ನಿಂಬೆಹಣ್ಣು, ತೆಂಗಿನಕಾಯಿ, ಊದಿನಕಡ್ಡಿ ಎಲ್ಲ ಆಯಿತು. ಬೇರೆಯವರ ಗಾಡಿಗೆ ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ ಬರೆಯುತ್ತಾರೆ. ಕಾಕುವಿನ ಕೈ ಬಾನೆಟ್ಟಿಗೆ ಎಟುಕಲಿಲ್ಲ, ನಂಬರ್ ಪ್ಲೇಟಿನ ಮೇಲೆ ಬರೆದಳು. ಅದನ್ನು ನೋಡಿ ನಾನು ಹೆಮ್ಮೆಪಟ್ಟೆ. ಎಷ್ಟು ಎತ್ತರ ಮಾಡಿಸಿದ್ದೇವೆ ನೋಡಿ ಎಂದು ಪಕ್ಕದವರಿಗೆ ತೋರಿಸಿದೆ ಕೂಡ. ಹತ್ತಿ ಕುಳಿತುಕೋ ಎಂದು ಕಾಕಾ ಕರೆದರೆ ಕಾಕು ಒಪ್ಪಲಿಲ್ಲ. "ನಾ ಹತ್ತೂದು ತ್ವಾಟಕ್ಕ ಹೋಗೂ ದಿನಾನೇ" ಎಂದಳು. ಹೇಳಿ, ಒಂದು ಕಾಯ್ದೆ ಹೊರಡಿಸಿದಳು: "ಒಳಗ ಲಕ್ಷ್ಮಿ ಅದಾಳ. ಯಾರೇ ಹತ್ಲಿ, ಚಪ್ಪಲಿ ಕೆಳಗ ಬಿಟ್ಟು, ಕಾಲು ತೊಳಕೊಂಡು ಹತ್ತಬೇಕು."

ಕೆಸರಿನಲ್ಲಿ ಓಡಲೆಂದೇ ಹುಟ್ಟಿದ ಗಾಡಿಗೆ ಕೆಸರುಗಾಲು ನಿಷೇಧ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಆ ದಿನ ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಮೊದಲ ದೊಡ್ಡ ಮಳೆಯ ಮರುದಿನ ನಾನು ರಜೆ ಹಾಕಿ ಮುಂಜಾನೆಯ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಹಳ್ಳದಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಕಾಕು ಇಳಕಲ್ಲ ಸೀರೆ ಉಟ್ಟು, ಜೋಳದ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಕಾಲು ತೊಳೆದು ಸಜ್ಜಾಗಿ ನಿಂತಿದ್ದಳು. ಕಾಕಾ ಬಾಗಿಲು ತೆರೆದ. ಕಾಕು ಕಾಲೆತ್ತಿದಳು. ಕಾಲು ಅರ್ಧ ದಾರಿಗೆ ಹೋಗಿ ನಿಂತು, ಮೆಲ್ಲಗೆ ವಾಪಸು ಬಂತು.

ಮಣೆ ತಂದೆವು, ಸಾಲಲಿಲ್ಲ. ಮಣೆಯ ಮೇಲೆ ಮಣೆ ಇಟ್ಟೆವು, ಅಲುಗಾಡಿತು. ಮನೆಯ ಕಟ್ಟೆಗೆ ಗಾಡಿ ಒತ್ತಿ ನಿಲ್ಲಿಸಿದರೆ ಕಟ್ಟೆ ಅಡ್ಡ ಬಂದು ಬಾಗಿಲೇ ತೆರೆಯಲಿಲ್ಲ. ಕಾಕಾ ಅವಳನ್ನು ಎತ್ತಿಯೇ ಕೂರಿಸುತ್ತೇನೆಂದು ಬಗ್ಗಿದವನು ಸೊಂಟ ಹಿಡಿದುಕೊಂಡು ಹಾಗೇ ಉಳಿದ. ನೋಡಲು ಬಂದವರಲ್ಲಿ ಒಬ್ಬ, "ಟಾಪ್ ಮಾಡೆಲ್ ಹೌದಲ್ಲೇನೋ?" ಎಂದು ವಿಚಾರಿಸಿಕೊಂಡ.

ಕಾಕು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಬುತ್ತಿ ಪಕ್ಕಕ್ಕಿಟ್ಟಳು. "ನಾ ಇಲ್ಲೇ ಇರ್ತೀನಿ. ನೀವಿಬ್ಬರೂ ಹೋಗಿ ಗಾಡಿಗಿ ತ್ವಾಟ ತೋರಿಸ್ಕೊಂಡು ಬರ್ರಿ" ಎಂದಳು.

ಹೋದೆವು. ಏನು ಮಾಡಬೇಕೆಂದು ತೋಚದೆ ಹೋದೆವು. ಗಾಡಿ ಹಳ್ಳವನ್ನು ಅಂಗಳ ದಾಟಿದ ಹಾಗೆ ದಾಟಿತು. ಕೋನ, ಆಳ, ಹಲ್ಲು ಎಲ್ಲ ಲೆಕ್ಕ ಸರಿಯಾಗಿತ್ತು. ನನ್ನ ಜೀವಮಾನದಲ್ಲಿ ಇಷ್ಟು ಸರಿಯಾಗಿ ನಡೆದ ಇನ್ನೊಂದು ಕೆಲಸ ನೆನಪಿಲ್ಲ, ಮತ್ತು ಅಷ್ಟು ನಾಚಿಕೆಯಾದದ್ದೂ ನೆನಪಿಲ್ಲ. ತೋಟದಲ್ಲಿ ಇಳಿದು ಗೊನೆ ನೋಡಿದೆವು. ಹಸಿವಾಯಿತು. ಬುತ್ತಿ ಕಟ್ಟೆಯ ಮೇಲಿತ್ತು. ಹೊರಡೋಣವೆಂದರೆ ಕಾಲಿಗೆ ಮೊಣಕಾಲ ತನಕ ಎರೆ ಮಣ್ಣು. ತೊಳೆಯಲು ಹಳ್ಳದ ರಾಡಿ ನೀರು ಬಿಟ್ಟರೆ ಬೇರೆ ನೀರಿಲ್ಲ, ಕರೆಂಟಿಲ್ಲದೆ ಬೋರು ಬಂದ್. ಆ ಕಾಲಲ್ಲಿ ಹತ್ತಲು ಕಾಕಾ ಸುತರಾಂ ಒಪ್ಪಲಿಲ್ಲ. "ಆಕಿದು ಒಂದು ಮಾತು ಮುರದೀನಿ, ಇನ್ನೊಂದು ಮುರಿಯಂಗಿಲ್ಲ" ಎಂದ.

ಕೊನೆಗೆ ಬಾಳೆ ಎಲೆ ಹರಿದು, ನಾಲ್ಕೂ ಪಾದಗಳಿಗೆ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿದೆವು. ಟಾಪ್ ಮಾಡೆಲ್ ಗಾಡಿಯಲ್ಲಿ ಇಬ್ಬರು ದೊಡ್ಡ ಗಂಡಸರು ಪತ್ರಿ ಏರಿಸಿದ ದೇವರ ಹಾಗೆ ಕುಳಿತು ಊರಿಗೆ ವಾಪಸಾದೆವು. ಬ್ರೇಕ್ ಒತ್ತಿದಾಗಲೆಲ್ಲ ಕಾಕಾನ ಎಲೆ ಚರಕ್ ಎನ್ನುತ್ತಿತ್ತು. ಕಟ್ಟೆಯ ಮೇಲಿದ್ದ ಕಾಕು ನಮ್ಮ ಕಾಲು ನೋಡಿದಳು, ಸೆರಗು ಬಾಯಿಗೆ ಹಿಡಿದಳು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಮುಗಿಸಿ ಕೇಳಿದಳು: "ಗೊನಿ ಹೆಂಗ ಬಿಟ್ಟಾವ?"

"ಛಲೋ" ಎಂದೆವು ಇಬ್ಬರೂ. ಅವಳ ಮುಖದ ನಗು ಹೋಯಿತು.

ಆ ಮಧ್ಯಾಹ್ನ ಕಾಕಾ ದರ್ಜಿಯ ಟೇಪು ತರಲು ಹೋದ, ದರ್ಜಿ ಅಂಗಡಿ ಬಂದ್. ಅದಕ್ಕೇ ಹೆಂಡತಿಯ ಮುಂದೆ ನೆಲದ ಮೇಲೆ ಕುಳಿತು, "ಎಷ್ಟು ಬರ್ತದೋ ಅಷ್ಟೇ ಎತ್ತು, ಜುಲುಮಿ ಬ್ಯಾಡ" ಎಂದ. ಅವಳು ಗೋಡೆ ಹಿಡಿದು ಪಾದ ಎತ್ತಿದಳು. ಅವನು ತನ್ನ ಕೈಯಿಂದಲೇ ಅಳೆದ: ಒಂದು ಗೇಣು, ನಾಲ್ಕು ಬೆರಳು. ಶೋರೂಮಿನ ಕಾಗದದಲ್ಲಿ ಗಾಡಿಯ ಎಲ್ಲ ಅಳತೆಗಳೂ ಇದ್ದವು. ಮೂವತ್ತು ವರ್ಷ ಜೊತೆಗಿದ್ದವನು ಈ ಅಳತೆ ತೆಗೆದದ್ದು ಇದೇ ಮೊದಲು.

ಮರುದಿನ ರಸೂಲ್ ಭಾಯಿ ನಮ್ಮನ್ನು ನೋಡಿದವನೇ, "ಕ್ಯಾ ಸಾಹೇಬ್ರ, ದಾಟಿ ಬಂದ್ರೇನು?" ಎಂದ. ಕಾಕಾನ ಗೇಣನ್ನು ಶೆಡ್ಡಿನ ಗೋಡೆಗೆ ಹಿಡಿಸಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದುಕೊಂಡ. ಬಿಲ್ಲೆಗಳು ಹೊರಬಂದವು, ಫುಟ್‌ಸ್ಟೆಪ್ ವಾಪಸು ಕೂತಿತು, ಅದರ ಕೆಳಗೆ ಗೆರೆಯ ಎತ್ತರಕ್ಕೆ ಸರಿಯಾಗಿ ಮಡಚುವ ಇನ್ನೊಂದು ಮೆಟ್ಟಿಲು ಬಂತು. ಗಾಡಿಯ ಹಿಂಬದಿಗೆ, ವಿಡಿಯೋದ ದಾಡಿಯವನು ತನ್ನ ಗಾಡಿಯಲ್ಲಿ ಕೆಸರಿನಿಂದ ಎಳೆಯುವ ಹಗ್ಗದ ಯಂತ್ರ ಇಡಿಸಿದ್ದ ಜಾಗದಲ್ಲಿ, ನಳ ಇರುವ ಒಂದು ನೀರಿನ ಟಾಕಿ. ಕಾಲು ತೊಳೆಯಲಿಕ್ಕೆ.

ಕಾಕು ಹತ್ತಿದಳು. ಒಂದು, ಎರಡು, ಕುಳಿತಳು. ತೋಟದಲ್ಲಿ ಇಳಿದು ಕೋಲೂರಿಕೊಂಡು ಗಿಡದಿಂದ ಗಿಡಕ್ಕೆ ಹೋಗಿ ಒಂದೊಂದು ಗೊನೆಯನ್ನೂ ಬೆರಳಿಟ್ಟು ಎಣಿಸಿದಳು. ಆಮೇಲೆ ಅವಳು ನಮ್ಮ ಕಡೆ ತಿರುಗಿ, "ಛಲೋ ಬಿಟ್ಟಾವ" ಎಂದಳು.

ಇಷ್ಟನ್ನೂ ಕೇಳಿ ಮಲ್ಲಿನಾಥರು ಬಿಲ್ಲೆಯನ್ನು ಮತ್ತೊಮ್ಮೆ ನೋಡಿ, ತಮ್ಮ ಕಾಗದಗಳನ್ನು ಮಡಚಿದರು. "ಈಗ ಹೇಳ್ರಿ" ಎಂದೆ, "ನಿಮ್ಮ ಮನ್ಯಾಗ ಯಾರ ಮೊಣಕಾಲು ಕೆಟ್ಟಾವ?"

ಅವರು ಒಮ್ಮೆ ಬಾಗಿಲ ಕಡೆ ನೋಡಿದರು, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು. "ನನ್ನವೇ ರೀ" ಎಂದರು. "ಮನ್ಯಾಗ ಇನ್ನಾ ಹೇಳಿಲ್ಲ."

ನಾನು ನೆಲದ ಮೇಲೆ ಕುಳಿತೆ. "ಎಷ್ಟು ಬರ್ತದೋ ಅಷ್ಟೇ ಎತ್ರಿ" ಎಂದೆ. ಅವರು ನಮ್ಮ ಬಾಗಿಲ ಚೌಕಟ್ಟು ಹಿಡಿದು ಕಾಲೆತ್ತಿದರು. ಒಂದು ಗೇಣು, ಆರು ಬೆರಳು. ಪರವಾಗಿಲ್ಲ, ನಮ್ಮ ಕಾಕುವಿಗಿಂತ ಎರಡು ಬೆರಳು ಮುಂದಿದ್ದೀರಿ ಎಂದು ಧೈರ್ಯ ಹೇಳಿ ಎದ್ದೇಳಲು ನೋಡಿದೆ, ಆಗಲಿಲ್ಲ. ಮಲ್ಲಿನಾಥರೇ ಕೈ ಕೊಟ್ಟು ಎಬ್ಬಿಸಿದರು. ಎಬ್ಬಿಸಿದವರು ಕೈ ಬಿಡದೆ, ಮೆತ್ತಗೆ, "ನಿಮ್ಮದೂ ಒಂದು ಅಳದು ಬಿಡ್ಲಿ?" ಎಂದರು.