ಕೆಮ್ಮಣ್ಣು ಹಚ್ಚಿದ ಬೆನ್ನು

ತಂಗಿಯ ಫೈಲುಗಳ ಚೀಲ ಹೊರುತ್ತಿದ್ದವಳು ನಾನು. ಕಡಬದಿಂದ ಪುತ್ತೂರಿಗೆ, ಸುಳ್ಯಕ್ಕೆ, ಕೆಲವೊಮ್ಮೆ ಮಂಗಳೂರಿಗೆ. ಬಸ್ಸಿನಲ್ಲಿ ಅವಳ ಮುಖ ನೋಡಿ ಸೀಟು ಬಿಟ್ಟುಕೊಡುವವರಿದ್ದರು. ಚೀಲ ಹೊತ್ತು ನಿಂತ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅವಳ ಕಾಯಿಲೆಯ ಬಗ್ಗೆ ಬರೆಯಲು ಕುಳಿತರೂ ನನಗೆ ಮೊದಲು ನೆನಪಾಗುವುದು ನನಗೆ ಸಿಗದ ಆ ಸೀಟೇ. ನಾನು ಎಂಥವಳು ಎಂಬುದು ಇದರಿಂದಲೇ ಗೊತ್ತಾದೀತು.

ದನ ನೋಡಿಕೊಳ್ಳಲು ಜನ ಬೇಕೆಂದು ನನ್ನನ್ನು ಆರನೆಯ ಕ್ಲಾಸಿಗೆ ಶಾಲೆ ಬಿಡಿಸಿದರು. ಅವಳು ಡಿಗ್ರಿ ಮುಗಿಸಿ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದಳು. ನಾನು ಕರೆದ ಹಾಲಿನ ಲೆಕ್ಕವನ್ನು ಅವಳು ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದಳು. ಮದುವೆಯಾದ ಮೇಲೆ ಗಂಡ ಹೆಂಡತಿ ನಮ್ಮ ಅಂಗಳದ ಆಚೆ ಬದಿಯಲ್ಲೇ ಮನೆ ಕಟ್ಟಿಕೊಂಡರು. ನಾನು ಅಮ್ಮನ ಜೊತೆ ಹಳೆಯ ಮನೆಯಲ್ಲಿ ಉಳಿದೆ.

ಕಾಯಿಲೆ ಶುರುವಾದದ್ದು ಮೊಣಕಾಲಿನಿಂದ. ಒಂದು ಊದಿ ಇಳಿಯುವಷ್ಟರಲ್ಲಿ ಇನ್ನೊಂದು ಊದುತ್ತಿತ್ತು. ಆಮೇಲೆ ಕೈ ಜೋಮು, ಎದೆ ಡವಡವ, ಎದ್ದು ಕೂರಲಾಗದ ಸುಸ್ತು. ಪುತ್ತೂರಿನ ಮೂಳೆ ಡಾಕ್ಟರು ಮೂಳೆ ಸವೆದಿದೆ ಎಂದರು. ಸುಳ್ಯದವರು ರಕ್ತ ಕಡಿಮೆ ಎಂದರು. ಮಂಗಳೂರಿನ ನರದ ಡಾಕ್ಟರು ಇಬ್ಬರ ಮಾತ್ರೆಯನ್ನೂ ನಿಲ್ಲಿಸಿ ತಮ್ಮದನ್ನು ಕೊಟ್ಟರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ನಾನೇ ಹೇಳಬೇಕಿತ್ತು. ನನಗೆ ಅರ್ಥವಾದಷ್ಟನ್ನು ಹೇಳುತ್ತಿದ್ದೆ.

ಇತ್ತ ಮನೆಯಲ್ಲಿ ಅಮ್ಮ ಅವಳಿಗೆಂದು ಗಂಜಿಗೆ ತುಪ್ಪ ಹಾಕುವುದು, ಅವಳ ಗಂಡ ಬಕೆಟ್ಟಿನಲ್ಲಿ ಬಿಸಿನೀರು ತಂದು ಕಾಲಿಗೆ ಹೊಯ್ಯುವುದು. ನನಗೆ ಕಾಮಾಲೆ ಆಗಿದ್ದಾಗ ಅಮ್ಮ ಕಷಾಯ ಕೊಟ್ಟು, ದನಕ್ಕೆ ಹುಲ್ಲು ಹಾಕಿದೆಯಾ ಎಂದು ಕೇಳಿದ್ದರು. ಆ ತುಪ್ಪದ ಪರಿಮಳ ನಮ್ಮ ಅಡುಗೆಮನೆಯಿಂದ ಆಚೆ ಮನೆಗೆ ದಾಟಿ ಹೋಗುವಾಗಲೆಲ್ಲ ನನಗೆ ಹೊಟ್ಟೆಯೊಳಗೆ ಉರಿಯುತ್ತಿತ್ತು.

ಕಡೆಗೆ ಪುತ್ತೂರಿನಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಸಿಕ್ಕಿದರು. ಫೈಲುಗಳನ್ನೆಲ್ಲ ಮೇಜಿನ ಮೇಲೆ ಹರಡಿ, "ಇಷ್ಟು ಜನ ನೋಡಿದ್ದಾರೆ. ಇವರು ಒಬ್ಬರಿಗೊಬ್ಬರು ಮಾತಾಡಿದ್ದುಂಟಾ?" ಎಂದು ಕೇಳಿದರು. ತಂಗಿ ಅತ್ತುಬಿಟ್ಟಳು. ಅವರು ಅವಳ ಕೈ ಹಿಡಿದುಕೊಂಡು, ಕಾಡಿಗೆ ಹೋಗುವುದುಂಟಾ, ಉಣ್ಣಿ ಕಚ್ಚಿತ್ತಾ, ಮೈಮೇಲೆ ಕೆಂಪು ಗುರುತು ಎದ್ದಿತ್ತಾ ಎಂದೆಲ್ಲ ವಿಚಾರಿಸಿದರು.

ಬೇಸಿಗೆಯಲ್ಲಿ ನಾವಿಬ್ಬರೂ ಗುಡ್ಡೆಗೆ ಹೋಗಿ, ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸಿ ತರುವವರು. ಬಂದ ಮೇಲೆ ಸ್ನಾನಕ್ಕೆ ಮೊದಲು ಒಬ್ಬರ ಬೆನ್ನು, ಕುತ್ತಿಗೆ ಇನ್ನೊಬ್ಬರು ನೋಡಿ ಉಣ್ಣಿ ತೆಗೆಯಬೇಕು. ಚಿಕ್ಕಂದಿನಿಂದ ಬಂದ ಪದ್ಧತಿ. ಉಣ್ಣಿ ನಮಗೆ ಲೆಕ್ಕದ ವಿಷಯವೇ ಅಲ್ಲ. ತಂಗಿ ಅದನ್ನೇ ಹೇಳಿದಳು. ಮತ್ತೆ, "ಕಾಲು ಊದುವ ಮೊದಲು ಒಮ್ಮೆ ಬೆನ್ನಿನಲ್ಲಿ ಸರ್ಪಸುತ್ತು ಆಗಿತ್ತು ಡಾಕ್ಟ್ರೆ. ಅಕ್ಕ ಕೆಮ್ಮಣ್ಣು ಹಚ್ಚಿ ವಾಸಿ ಮಾಡಿದ್ದು," ಎಂದಳು.

ಸರ್ಪಸುತ್ತಿಗೆ ಕೆಮ್ಮಣ್ಣು ಅರೆದು ಹಚ್ಚುವುದು ನಮ್ಮ ಅಮ್ಮನ ಕೈವಿದ್ಯೆ. ಊರಿನವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅಮ್ಮನ ಕಣ್ಣು ಮಂಜಾದ ಮೇಲೆ ಹಚ್ಚುವವಳು ನಾನಾದೆ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಬಂದಾಗಿನಿಂದ ನನ್ನನ್ನು ಅವರು ನೋಡಿದ್ದು ಅದೇ ಮೊದಲು. "ನೀರು ತುಂಬಿದ ಗುಳ್ಳೆ ಪಟ್ಟಿಯ ಹಾಗೆ ಇತ್ತಾ? ಅಲ್ಲ, ಗುಳ್ಳೆ ಇಲ್ಲದೆ ಬಳೆಯ ಹಾಗೆ ದುಂಡಗೆ ಇತ್ತಾ?"

ನನಗೆ ಚೆನ್ನಾಗಿ ನೆನಪಿತ್ತು. ಗುಳ್ಳೆ ಒಂದೂ ಇರಲಿಲ್ಲ. ಉಣ್ಣಿ ಕಿತ್ತ ಜಾಗದ ಸುತ್ತ ಕೆಂಪು ಬಳೆ ದಿನದಿನಕ್ಕೆ ಅಗಲವಾಗಿತ್ತು, ನಡುವೆ ಚರ್ಮ ತಿಳಿಯಾಗಿತ್ತು. ಸುತ್ತಿಕೊಂಡಿದೆಯಲ್ಲ, ಸರ್ಪಸುತ್ತೇ ಇರಬೇಕು ಎಂದು ನಾನು ಅದರ ಮೇಲೆಯೇ ಕೆಮ್ಮಣ್ಣು ಬಳಿದಿದ್ದೆ. ಬೆನ್ನಿನ ಮೇಲಿದ್ದದ್ದು ಅವಳಿಗೆ ಕಂಡಿಲ್ಲ, ಅಮ್ಮನಿಗೆ ಕಣ್ಣು ಸರಿ ಕಾಣುವುದಿಲ್ಲ. ನೋಡಿದವಳು ನಾನೊಬ್ಬಳೇ.

"ಗುಳ್ಳೆ ಇತ್ತು," ಎಂದೆ.

ನನ್ನ ತಪ್ಪು ಹೊರಬೀಳುತ್ತದೆಂಬ ಹೆದರಿಕೆಯಿಂದ ಹೇಳಿದೆ ಎಂದು ಬರೆದರೆ ಓದುವವರು ಕ್ಷಮಿಸಿಯಾರು. ಹೆದರಿಕೆ ಇತ್ತು, ಸ್ವಲ್ಪ. ಹೆಚ್ಚು ಇದ್ದದ್ದು ಹೊಟ್ಟೆಕಿಚ್ಚು. ಡಾಕ್ಟರಮ್ಮನ ಕೈ ಇನ್ನೂ ಅವಳ ಕೈಯ ಮೇಲೆಯೇ ಇತ್ತು. ಅವಳ ಕಾಯಿಲೆಗೆ ಒಂದು ಹೆಸರೂ ಸಿಕ್ಕಿದರೆ ಇನ್ನೆಷ್ಟು ತುಪ್ಪ, ಇನ್ನೆಷ್ಟು ಬಿಸಿನೀರು ಎಂದು ನನಗೆ ಅನಿಸಿತ್ತು.

ಡಾಕ್ಟರಮ್ಮ ಉಣ್ಣಿಯ ವಿಷಯ ಬಿಟ್ಟು ಬೇರೆ ಪರೀಕ್ಷೆಗಳನ್ನು ಮಾಡಿಸಿದರು. ಯಾವುದರಲ್ಲೂ ಸರಿಯಾಗಿ ಏನೂ ಕಾಣಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಸೊಸೈಟಿಗೆ ಹಾಲು ತರುವವರು, ಅವಳದ್ದು ಮನಸ್ಸಿನ ಕಾಯಿಲೆ ಅಂತೆ ಎಂದು ಮಾತಾಡಿಕೊಳ್ಳತೊಡಗಿದರು. ಅವಳ ಗಂಡನೂ ಬಿಸಿನೀರು ತರುವುದನ್ನು ಕಡಿಮೆ ಮಾಡಿದ. ನಾನು ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಆ ಮಾತುಗಳನ್ನು ಕೇಳುತ್ತಿದ್ದೆ. ಅಲ್ಲ ಎನ್ನಲಿಲ್ಲ. ಕೇಳಲು ಹಿತವಾಗಿತ್ತು.

ಒಂದು ಬೆಳಿಗ್ಗೆ ಅವಳಿಗೆ ಕೈ ಮೇಲೆತ್ತಲು ಆಗದೆ ನಾನು ತಲೆ ಬಾಚುತ್ತಿದ್ದೆ. ಮುಖ ತಿರುಗಿಸದೆ ಕೇಳಿದಳು: "ಅಕ್ಕ, ನಾನು ನಾಟಕ ಮಾಡುದಾ? ನನಗೇ ಗೊತ್ತಾಗುದಿಲ್ಲ ಈಗ. ನೀನು ಹೇಳಿದ್ರೆ ನಂಬ್ತೇನೆ."

ಅಲ್ಲ, ನಾಟಕ ಅಲ್ಲ ಎಂದೆ. ಹೇಗೆ ಗೊತ್ತು ಎಂದಳು. ನಾಳೆ ಪುತ್ತೂರಿಗೆ ಹೋಗುವ ಎಂದೆ.

ಡಾಕ್ಟರಮ್ಮನ ಎದುರು, ಅವಳು ಪಕ್ಕದಲ್ಲಿರುವಾಗಲೇ ಹೇಳಿದೆ. ಗುಳ್ಳೆ ಇರಲಿಲ್ಲ, ಆವತ್ತು ಹೇಳಿದ್ದು ಸುಳ್ಳು ಎಂದೆ. ಅವರು ಬೈಯಲಿಲ್ಲ. ಎಷ್ಟು ಅಗಲ ಇತ್ತು, ತೋರಿಸಿ ಎಂದರು. ನಾನು ತಂಗಿಯ ರವಿಕೆ ಸರಿಸಿ, ಕೆಮ್ಮಣ್ಣು ಬಳಿದ ಹಾಗೆಯೇ ಬೆರಳಿನಿಂದ ಅವಳ ಬೆನ್ನಿನ ಮೇಲೆ ದುಂಡಗೆ ಎಳೆದೆ. ಬೆರಳು ಹೋದಲ್ಲೆಲ್ಲ ಅವಳ ಚರ್ಮ ಬಿಗಿದುಕೊಂಡಿತು.

ಉಣ್ಣಿಯಿಂದ ಬರುವ ಲೈಮ್ ಎಂಬ ಕಾಯಿಲೆ ಇರಬಹುದು, ನಮ್ಮ ಕಡೆ ಅಪರೂಪ, ಅದಕ್ಕೇ ಯಾರೂ ಆ ದಾರಿಯಲ್ಲಿ ಯೋಚಿಸಿಲ್ಲ ಎಂದರು ಡಾಕ್ಟರಮ್ಮ. ಅಲ್ಲಿ ಕುಳಿತೇ ಮಂಗಳೂರಿಗೆ ಫೋನು ಮಾಡಿ ನರದ ಡಾಕ್ಟರ ಹತ್ತಿರ ಮಾತಾಡಿದರು, ಆಮೇಲೆ ಮೂಳೆಯವರ ಹತ್ತಿರ. ಇನ್ನು ಯಾರು ಎಂತ ಕೊಟ್ಟರೂ ಮೊದಲು ತನಗೆ ತೋರಿಸಬೇಕು ಎಂದು ತಂಗಿಗೆ ಹೇಳಿದರು. ಮೊದಲೇ ಗೊತ್ತಾಗಿದ್ದರೆ ಸುಲಭ ಇತ್ತು ಎಂದೂ ಹೇಳಿದರು. ಅದನ್ನು ಯಾರ ಮುಖವನ್ನೂ ನೋಡದೆ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಚೀಲವನ್ನು ನನ್ನ ಹೆಗಲಿನಿಂದ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಡಾಕ್ಟರಮ್ಮ ಕೊಟ್ಟ ಔಷಧಿಯಿಂದ ಈಗ ಮೊಣಕಾಲು ಅಷ್ಟಾಗಿ ಊದುವುದಿಲ್ಲ. ಸುಸ್ತು ಪೂರ್ತಿ ಬಿಟ್ಟಿಲ್ಲ. ಪುತ್ತೂರಿಗೆ ಅವಳ ಜೊತೆ ಗಂಡ ಹೋಗುತ್ತಾನೆ. ತಂಗಿ ನನ್ನ ಹತ್ತಿರ ಮಾತು ಬಿಟ್ಟಿಲ್ಲ. ಹಾಲಿನ ವಿಷಯ, ಅಮ್ಮನ ವಿಷಯ ಮಾತಾಡುತ್ತಾಳೆ. ಆದರೆ ಗುಡ್ಡೆಯ ಬದಿಗೆ ಹೋಗಿ ಬಂದ ದಿನ ಅಮ್ಮನ ಎದುರು ಹೋಗಿ ಬೆನ್ನು ಕೊಟ್ಟು ಕೂರುತ್ತಾಳೆ. ಕಣ್ಣು ಕಾಣದ ಅಮ್ಮ ಬೆರಳಿನಲ್ಲಿ ತಡವಿ ತಡವಿ ಉಣ್ಣಿ ಹುಡುಕುತ್ತಾರೆ. ನಾನು ಹಟ್ಟಿಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಇಲ್ಲಿಂದಲೇ ನನಗೆ ಕಾಣುತ್ತದೆ, ಅಮ್ಮನ ಕೈ ಎಲ್ಲಿ ತಪ್ಪಿತು ಎಂದು. ಹೊಟ್ಟೆಕಿಚ್ಚು ಹೋಗಿಲ್ಲ. ಈಗ ಅದು ಅಮ್ಮನ ಆ ಬೆರಳುಗಳ ಮೇಲೆ.