ಟೈಲರು ತಂದ ಮೇಣದ ಕಾಲು

ಕಾಪುವಿನ ನಮ್ಮ ಟೈಲರಿಗೆ ಎಲ್ಲದಕ್ಕೂ ಒಂದೇ ಮಾತು: “ಅಳತೆ ಮುಖ್ಯ, ಮಾರಾಯ.” ಅವರ ಮೊಣಕಾಲು ನೆಟ್ಟಗಾಗದೆ, ಹೊಲಿಗೆ ಮೆಷಿನ್ ತುಳಿಯುವುದೇ ನಿಂತುಹೋದಾಗ, ಈಸ್ಟರಿನ ಮುಂಚಿನ ತಪಸ್ಸುಕಾಲದಲ್ಲಿ ನಾವು ಗೆಳೆಯರು ಅವರನ್ನು ಕಾರ್ಕಳದ ಇಗರ್ಜಿಗೆ ಕರೆದುಕೊಂಡು ಹೋದೆವು. ನೋವಿನ ಅಂಗ ವಾಸಿಯಾಗಲೆಂದು ಅದರ ಮೇಣದ ರೂಪವನ್ನು ಅಲ್ಲಿಯ ಸಂತರಿಗೆ ಹರಕೆ ಒಪ್ಪಿಸುವುದು ರೂಢಿ; ಹಾಗೆ ಒಪ್ಪಿಸಲು ಒಂದು ಮೇಣದ ಕಾಲನ್ನು ಅವರು ಊರಿನಿಂದಲೇ ಮಡಿಲಲ್ಲಿಟ್ಟು ತಂದಿದ್ದರು. ಬಸ್ಸಿನ ಕಿಟಕಿಯ ಬಿಸಿಲಿಗೆ ಅದು ಮೊಣಕಾಲಿನಲ್ಲೇ ಬಾಗಿತು. ಮೇಣದ ಸಾಮಾನನ್ನು ಇಗರ್ಜಿಯ ಬಾಗಿಲಲ್ಲೇ ಕೊಳ್ಳಬೇಕು, ನೆನಪಿರಲಿ. ನಾನು ಅಲ್ಲಿಯ ಅಂಗಡಿಯವಳೊಡನೆ ಚೌಕಾಶಿ ಮಾಡಿ, ಡೊಂಕು ಕಾಲಿಗೆ ಬದಲಾಗಿ ನೇರ ಕಾಲು ಕೊಡಲು ಒಪ್ಪಿಸಿದೆ. ಟೈಲರು ಎರಡನ್ನೂ ತಮ್ಮ ಕಾಲಿನ ಪಕ್ಕ ಹಿಡಿದು ನೋಡಿ, ಡೊಂಕನ್ನೇ ಎದೆಗವಚಿಕೊಂಡರು.

“ಅಳತೆ ಮುಖ್ಯ, ಮಾರಾಯ. ನೇರದ್ದು ಕೊಟ್ಟರೆ, ಇವನಿಗೆ ಎಂತದೂ ಆಗಲಿಲ್ಲ ಅಂತ ಸಂತರು ಹಾಗೇ ವಾಪಸ್ ಕಳಿಸ್ತಾರೆ!”