ಜಾಲಿಮಡುವಿನ ಗುಟ್ಟು

ಕಂಪನಿಯ ವಾರ್ಷಿಕ ಸಭೆಗೆ ಹರಿಗೋಲಿನಲ್ಲೇ ಬಂದಿಳಿಯಬೇಕೆಂದು ಕದಿರಪ್ಪನಿಗೆ ಹೇಳಿದವನು ವೆಂಕಟರಾಯಪ್ಪ. ಕದಿರಪ್ಪ ಬಂದ, ಇಳಿದ, ದಡದ ಮೇಲೆ ಎರಡು ಹೆಜ್ಜೆ ಓಲಾಡಿ, ಸಭಿಕರಿಗೆಂದು ಇಟ್ಟಿದ್ದ ಕೋಸಂಬರಿಯ ಪಾತ್ರೆಯೊಳಗೆ ಕುಳಿತುಬಿಟ್ಟ.

“ಬೆಳಿಗ್ಗೇನೇ ಈಚಲು ಮರದ ಹತ್ರ ಹೋಗಿ ಬಂದವ್ನೆ,” ಎಂದಳು ಎದುರುಮನೆಯ ಮುದುಕಿ ದೊಡ್ಡಮುನಿಯಮ್ಮ. ಎಲ್ಲರೂ ನಕ್ಕರು. ಕದಿರಪ್ಪ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಆದರೂ ಇಲ್ಲವೆನ್ನದೆ, ಪಂಚೆಗೆ ಅಂಟಿದ ಹೆಸರುಬೇಳೆ ಕೊಡವಿಕೊಂಡು ಕಟ್ಟೆಯ ತುದಿಯಲ್ಲಿ ಕುಳಿತ.

ಬೈರಕೂರಿನ ಆಚೆಯ ಆ ಕೆರೆ ತುಂಬಿದರೆ ಸಂತೆಯ ದಾರಿ ಐದು ತಿಂಗಳು ನೀರಿನಡಿ ಇರುತ್ತಿತ್ತು. ಆಗ ಊರನ್ನು ದಾಟಿಸುತ್ತಿದ್ದವನು ಕದಿರಪ್ಪ. ಕೂಲಿ ಕಾಸಲ್ಲ, ಸುಗ್ಗಿಯಲ್ಲಿ ಕಣದ ಮುಂದೆ ನಿಂತರೆ ಮನೆಗೊಂದು ಮೊರ ರಾಗಿ. ಲೋವರ್ ಸೆಕೆಂಡರಿ ಪಾಸಾಗಿದ್ದ ಬಾಲ್ಯದ ಗೆಳೆಯ ವೆಂಕಟರಾಯಪ್ಪ ಇದಕ್ಕೆ ಕಂಪನಿ ಎಂದು ಹೆಸರಿಟ್ಟು ತಾನೇ ಮ್ಯಾನೇಜರಾದ. ಬೇಸಿಗೆಯಲ್ಲಿ ಹರಿಗೋಲು ಸುಮ್ಮನೆ ಬಿದ್ದಿರಬಾರದೆಂದು ಮದುವೆ ಮನೆಗಳಲ್ಲಿ ಬೋರಲು ಹಾಕಿಸಿ ಅಡುಗೆ ಒಲೆಗೆ ಸೂರು ಮಾಡಿದ. ಅಂಗಾತ ಇಡಿಸಿ ಮಾವಿನಕಾಯಿ ತುಂಬುವ ತೊಟ್ಟಿ ಮಾಡಿದ. ಒಂದೇ ಹರಿಗೋಲು, ಮೂರು ಶಾಖೆ. ದುಡಿಮೆ ಕದಿರಪ್ಪನದು, ನುಡಿಮೆ ವೆಂಕಟರಾಯಪ್ಪನದು.

ನಲವತ್ತೆರಡನೇ ಇಸವಿಯ ಆ ಸಭೆಯಲ್ಲಿ ಮ್ಯಾನೇಜರು ವರದಿ ಓದಿದ. ಏಳು ಮದುಮಕ್ಕಳು, ಇಬ್ಬರು ಸೂಲಗಿತ್ತಿಯರು, ಶಾನುಭೋಗರ ದಫ್ತರ, ಎಲ್ಲ ಕ್ಷೇಮವಾಗಿ ದಾಟಿವೆ. ಮೇಕೆಯೊಂದು ನೀರಿಗೆ ಹಾರಿದೆ, ಸ್ವಂತ ಇಚ್ಛೆಯಿಂದ. ಕದಿರಪ್ಪ ಹೆಮ್ಮೆಯಿಂದ ತಲೆದೂಗಿದ.

ಆಮೇಲೆ ವೆಂಕಟರಾಯಪ್ಪ ಕನ್ನಡಕ ಸರಿಮಾಡಿಕೊಂಡು ಮುಂದಿನ ವರ್ಷಕ್ಕೆ ಬಂದ. ಜಾಲಿಮಡು ಎಂದು ಊರು ಹೆದರಿದ್ದು ಮಡುವೇ ಅಲ್ಲ, ದಿಬ್ಬ. ಅದರ ಮೇಲೆ ಕಲ್ಲುಮಣ್ಣು ಹಾಕಿ ರಸ್ತೆ ಮಾಡಲು ಕಂಟ್ರಾಕ್ಟರು ಒಪ್ಪಿದ್ದಾರೆ. ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಬರುತ್ತದೆ. ಏಜೆಂಟು ತಾನೇ. ಆದ್ದರಿಂದ ದಾಟಿಸುವ ಶಾಖೆಯನ್ನು ಮುಚ್ಚಲಾಗಿದೆ.

ಕದಿರಪ್ಪನ ತಲೆ ಅಲ್ಲೇ ನಿಂತಿತು. ಕೆರೆಯ ನಡುವಿನ ಜಾಲಿಮರಗಳ ಬಳಿ ತಳವೇ ಇಲ್ಲವೆಂದು ತಾತನ ಕಾಲದಿಂದ ಅವನ ಮನೆಯವರು ಊರನ್ನು ನಂಬಿಸಿದ್ದರು, ಹರಿಗೋಲು ಅದನ್ನು ಸುತ್ತಿ ಹೋಗುತ್ತಿತ್ತು. ಬೇಸಿಗೆಯಲ್ಲೂ ಮುಳ್ಳಿಗೆ ಹೆದರಿ ಅತ್ತ ಯಾರೂ ಹಾಯುತ್ತಿರಲಿಲ್ಲ. ಕೆರೆ ಕೋಡಿ ಹರಿದಾಗಲೂ ಅಲ್ಲಿ ಮೊಣಕಾಲುದ್ದವೇ ನೀರೆಂದು ತಿಳಿದವರು ಇಬ್ಬರೇ, ತಾನು ಮತ್ತು ವೆಂಕಟರಾಯಪ್ಪ. ಆ ಇನ್ನೊಬ್ಬನ ಮದುವೆಯ ದಿಬ್ಬಣವನ್ನು ಕದಿರಪ್ಪ ಒಂದು ಹಿಡಿ ರಾಗಿಯನ್ನೂ ಕೇಳದೆ ದಾಟಿಸಿದ್ದ.

“ಲೇ ವೆಂಕಟ, ಒಂದೇ ತಟ್ಟೇಲಿ ಉಂಡಿದ್ದೀವಿ ಕಣೋ.”

“ಅದಕ್ಕೇ ಕಣೋ, ಮದುವೆ ಶಾಖೆ ಪೂರ್ತಿ ನಿಂಗೇ ಬಿಟ್ಟಿದ್ದೀನಿ,” ಎಂದ ವೆಂಕಟರಾಯಪ್ಪ, ಕಾಗದ ಮಡಿಸುತ್ತ. ಮುಖ ಮಾತ್ರ ಎತ್ತಲಿಲ್ಲ.

ಜನ ಬರೀ ಪಾನಕ ಕುಡಿದು, ಬಸ್ಸಿನ ಮಾತಾಡುತ್ತ ಹೊರಟರು. ಒಬ್ಬರೂ ಇತ್ತ ತಿರುಗಲಿಲ್ಲ. ಕದಿರಪ್ಪ ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕಿದ. ದಿನಾ ಬೆಳಿಗ್ಗೆ ಅದರ ಅಂಚಿಗೆ ಇಡುತ್ತಿದ್ದ ಕುಂಕುಮ ಕೈಗೆ ಅಂಟಿತು. ಒರೆಸಿಕೊಳ್ಳಲಿಲ್ಲ.

ದೊಡ್ಡಮುನಿಯಮ್ಮ ಬಂದು ಪಕ್ಕದಲ್ಲಿ ಕೂತಳು.

“ಏಮಿರಾ ಕದಿರಾ, ನಿಮ್ಮಪ್ಪ ಸಾಯೋವಾಗ ನಿನ್ನ ಕಿವೀಲಿ ಹೇಳಿದ್ದು ಇದೇನಾ? ಹೆಂಡ್ತಿಗೂ ಹೇಳ್ದೋನಲ್ಲ ನೀನು. ಆ ಹಾಳಾದೋನ್ಗೆ ಅದ್ಯಾವ ನಂಬಿಕೆ ಮೇಲೆ ಹೇಳ್ದೆ?”

ಕದಿರಪ್ಪ ಹುಟ್ಟನ್ನು ಹರಿಗೋಲಿನ ಅಡಿಗೆ ತಳ್ಳಿದ.

“ಹೇಳ್ಲಿಲ್ಲ ದೊಡ್ಡವ್ವ. ಹರಿಗೋಲು ಸುತ್ತಿದ್ರೆ ನಂಗೆ ತಲೆ ಸುತ್ತತೈತೆ, ಮೊದಲಿಂದ್ಲೂ. ಒಂದಿನ ಅವನೊಬ್ನೇ ಹರಿಗೋಲಾಗಿದ್ದ, ಜಾಲಿಮರದ ಹತ್ರ ತಡೀಲಾಗ್ಲಿಲ್ಲ. ಕುಂಕುಮ ಇಟ್ಟಿರೋ ಅಂಚಿನ ಮೇಲೆ ವಾಂತಿ ಮಾಡೋಕಾಯ್ತದಾ? ಕೆಳಗಿಳಿದೆ. ಮೊಣಕಾಲು ನೀರಾಗೆ ನಿಂತಿದ್ದನ್ನ ಅವನು ನೋಡ್ಬಿಟ್ಟ.”